ನೆತ್ತಿ ಬೇರೆ, ಜಡೆ ಬೇರೆ

ಕೆಲಸ: ಅಣ್ಣನ ಮಗಳ ತಲೆ. ದೂರು: ನೆತ್ತಿ ಒಣಗಿ ಸದಾ ತುರಿಕೆ, ಹೆಗಲ ಮೇಲೆ ಉದುರುವ ಹೊಟ್ಟು, ಸೊಂಟ ಮುಟ್ಟುವ ಕೂದಲು ಬಿರುಸಾಗಿ ಕೆದರಿ ನಿಲ್ಲುವುದು. ಕೆಲಸದ ಜಾಗ: ಸಾಗರ ತಾಲ್ಲೂಕಿನ ನಮ್ಮ ಮನೆಯ ಜಗಲಿ ಮತ್ತು ಬಚ್ಚಲು. ಕೈಹಾಕಿದ್ದು ಸಂಕ್ರಾಂತಿ ಕಳೆದ ಮೇಲೆ, ಒಣ ಚಳಿಗೆ ತುಟಿ, ಹಿಮ್ಮಡಿ ಎಲ್ಲ ಒಡೆಯುವ ಹೊತ್ತಿನಲ್ಲಿ.

ಹುಡುಗಿ ಓದುವುದು ಶಿವಮೊಗ್ಗದಲ್ಲಿ, ಇರುವುದು ಹಾಸ್ಟೆಲಿನಲ್ಲಿ. ರಜೆಗೆ ಬಂದವಳ ಚೀಲದಿಂದ ಹೊರಬಿದ್ದದ್ದು ಮೂರು ಬಗೆಯ ಶಾಂಪೂ, ಈರುಳ್ಳಿ ಎಣ್ಣೆಯ ಬಾಟಲಿ, ಯಾರೋ ಹೇಳಿದರೆಂದು ಕೊಂಡ ಲೋಳೆಸರದ ಜೆಲ್. ಎಲ್ಲವೂ ಅರ್ಧ ಖಾಲಿ. ಅಮ್ಮ ನೋಡಿದವಳೇ ತೀರ್ಪು ಕೊಟ್ಟಳು: "ತಲೆಗೆ ಎಣ್ಣೆ ಮುಟ್ಟಿಸದೆ ಒಣಗಿಸಿಕೊಂಡಿದ್ದೀಯೆ ಕೂಸೇ. ರಾತ್ರಿ ತಂಪಾಗಿ ಎಣ್ಣೆ ತಟ್ಟಿಸಿಕೊಂಡು ಮಲಗು, ಎಲ್ಲ ಹೋಗುತ್ತದೆ." ಕೂಸು ನನ್ನ ಮುಖ ನೋಡಿತು. "ಅತ್ತೆ, ಎಣ್ಣೆ ಹಚ್ಚಿದ ರಾತ್ರಿಯೇ ಹೆಚ್ಚು ತುರಿಸುತ್ತದೆ."

ಆ ಒಂದು ಮಾತು ಸಾಕಾಯಿತು. ಪಂಪು ಕೆಟ್ಟರೂ ಮಿಕ್ಸಿ ಕೆಟ್ಟರೂ ನಾನು ಮೊದಲು ಕೇಳುವುದು "ಯಾವಾಗ ಹೆಚ್ಚಾಗುತ್ತದೆ" ಎಂದೇ. ಎಣ್ಣೆ ಹಾಕಿದಾಗ ಹೆಚ್ಚಾಗುವ ಒಣಗು ಬರೀ ಒಣಗಲ್ಲ.

ನೋಡಿದ್ದು

ಬೆಳಗಿನ ಬಿಸಿಲು ಜಗಲಿಗೆ ಬೀಳುವಾಗ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಹೆಗಲಿಗೆ ಹಳೆಯ ಕೊಡೆಯ ಕಪ್ಪು ಬಟ್ಟೆ ಹೊದಿಸಿ, ಬಾಚಣಿಗೆಯ ತುದಿಯಿಂದ ಬೈತಲೆಯ ಮೇಲೆ ಬೈತಲೆ ತೆಗೆಯುತ್ತಾ ಹೋದೆ. ಪ್ರತಿ ಸಾಲಿಗೂ ಮೊಬೈಲಿನಲ್ಲಿ ಹತ್ತಿರದ ಫೋಟೊ. ಕಣ್ಣಿಗೆ ಕಾಣದ್ದು ಫೋಟೊ ಹಿಗ್ಗಿಸಿದಾಗ ಕಾಣುತ್ತದೆ, ಮುಂದೆ ಹೋಲಿಸಿ ನೋಡಲು ದಾಖಲೆಯೂ ಆಗುತ್ತದೆ. ಹೇನು, ಸೀರು ಇಲ್ಲವೆಂದು ಸೀರಣಿಗೆ ಎಳೆದು ಖಾತ್ರಿ ಮಾಡಿಕೊಂಡೆ. ಹಾಸ್ಟೆಲಿನಲ್ಲಿರುವ ಹುಡುಗಿಗೆ ಇದನ್ನು ಕೇಳುವುದಕ್ಕೆ ಮುಜುಗರಪಡಬಾರದು.

ಒಂದೇ ತಲೆಯಲ್ಲಿ ಎರಡು ಬಗೆಯ ಹೊಟ್ಟಿತ್ತು. ನಡುನೆತ್ತಿಯಲ್ಲಿ ಸಣ್ಣ, ಬಿಳಿ, ಹಗುರವಾದ ಪುಡಿ, ಊದಿದರೆ ಹಾರುವಂಥದ್ದು. ಕಿವಿಯ ಹಿಂದೆ ಮತ್ತು ಹೆಡಕಿನ ಕೂದಲಂಚಿನಲ್ಲಿ ತುಸು ದಪ್ಪನೆಯ, ಹಳದಿ ಬಣ್ಣಕ್ಕೆ ತಿರುಗಿದ ಚಕ್ಕೆ. ಅದರ ಕೆಳಗಿನ ಚರ್ಮ ಕೆಂಪು. ಎರಡನ್ನೂ ವೃತ್ತಪತ್ರಿಕೆಯ ತುಂಡಿನ ಮೇಲೆ ಬೇರೆ ಬೇರೆ ಉದುರಿಸಿ, ಮಡಿಸಿ, ಚಮಚದ ಬೆನ್ನಿನಿಂದ ಒತ್ತಿದೆ. ಬಿಳಿ ಪುಡಿ ಕೊಡವಿದ ಕೂಡಲೇ ಉದುರಿಹೋಯಿತು. ಹಳದಿ ಚಕ್ಕೆ ಕಾಗದಕ್ಕೆ ಜಿಡ್ಡಿನ ಕಲೆ ಬಿಟ್ಟಿತು. ಮೂಗಿನ ಪಕ್ಕ ಮತ್ತು ಹುಬ್ಬಿನ ನಡುವೆ ನೋಡಿದರೆ ಅಲ್ಲೂ ಸ್ವಲ್ಪ ಸಿಪ್ಪೆ ಎದ್ದಿತ್ತು.

ಒಣಚರ್ಮದ ಹೊಟ್ಟು ಬೇರೆ, ಜಿಡ್ಡಿನ ತಲೆಹೊಟ್ಟು ಬೇರೆ. ಮೊದಲನೆಯದಕ್ಕೆ ಚಳಿಗಾಳಿ, ಸುಡುನೀರು, ಖಾರವಾದ ಸೋಪು ಕಾರಣ. ಎರಡನೆಯದರಲ್ಲಿ ಎಲ್ಲರ ತಲೆಯ ಮೇಲೂ ಬದುಕುವ ಮಲಸ್ಸೀಸಿಯಾ ಎಂಬ ಸೂಕ್ಷ್ಮ ಶಿಲೀಂಧ್ರದ ಪಾಲಿದೆ. ಅದಕ್ಕೆ ತನ್ನ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಬರುವುದಿಲ್ಲ. ಅದರ ಒಂದು ಜಾತಿಯಾದ ಮಲಸ್ಸೀಸಿಯಾ ಗ್ಲೋಬೋಸಾದ ಜೀನೋಮನ್ನು, ಅಂದರೆ ಅದರ ಇಡೀ ಜೀನ್‌ಗಳ ಪಟ್ಟಿಯನ್ನು, 2007ರಲ್ಲಿ ಓದಿ ಪ್ರಕಟಿಸಿದಾಗ, ಆ ಕೆಲಸಕ್ಕೆ ಬೇಕಾದ ಜೀನ್ ಇಲ್ಲದಿರುವುದು ಗೊತ್ತಾಯಿತು. ಹಾಗಾಗಿ ನಮ್ಮ ನೆತ್ತಿಯ ಜಿಡ್ಡನ್ನು ಒಡೆದು ತಿನ್ನುತ್ತದೆ, ಉಳಿದ ಒಲೇಯಿಕ್ ಆಮ್ಲ ಚರ್ಮಕ್ಕೆ ಉರಿ ಎಬ್ಬಿಸುತ್ತದೆ. ರಾತ್ರಿಯಿಡೀ ನೆತ್ತಿಗೆ ಎಣ್ಣೆ ಕಟ್ಟಿ ಮಲಗಿದರೆ ಅದಕ್ಕೆ ಊಟ ಬಡಿಸಿದ ಹಾಗೆಯೇ. ಈರುಳ್ಳಿ ಎಣ್ಣೆಯನ್ನು ಅಂದೇ ಕಸದ ಬುಟ್ಟಿಗೆ ಹಾಕಿದೆ.

ಇನ್ನು ಕೂದಲು. ಅದೊಂದು ಬೇರೆಯೇ ಕೆಲಸ ಎಂದು ವಹಿಯಲ್ಲಿ ಬೇರೆ ಪುಟಕ್ಕೆ ಬರೆದೆ. ನೆತ್ತಿ ಜೀವವಿರುವ ಚರ್ಮ. ಕಾರಣ ತೆಗೆದರೆ ತಾನೇ ವಾಸಿಯಾಗುತ್ತದೆ. ಕೂದಲು ನಿರ್ಜೀವ ನೂಲು. ಕೆಟ್ಟದ್ದು ಮತ್ತೆ ಕೂಡುವುದಿಲ್ಲ, ಕೆಡದಂತೆ ನೋಡಿಕೊಳ್ಳಬಹುದು ಅಷ್ಟೆ. ಕೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಎರಡಡಿ ಉದ್ದದ ಜಡೆಯ ತುದಿಗೆ ನಾಲ್ಕೈದು ವರ್ಷ ವಯಸ್ಸು. ಇವಳು ಹೈಸ್ಕೂಲಿಗೆ ಹೋಗುತ್ತಿದ್ದಾಗ ಹುಟ್ಟಿದ ಕೂದಲು ಅದು. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ಬಸ್ಸಿನ ಕಿಟಕಿಯ ಗಾಳಿ ಎಲ್ಲವನ್ನೂ ತಿಂದು ಕೂತಿದೆ. ಕೂದಲಿನ ಮೇಲ್ಪದರ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಬಾಗಿದ ಬಿಲ್ಲೆಗಳಿಂದ ಆದದ್ದು. ಬಿಲ್ಲೆಯ ಅಂಚು ಎದ್ದರೆ ಪಕ್ಕದ ಕೂದಲಿಗೆ ಸಿಕ್ಕಿಕೊಳ್ಳುತ್ತದೆ, ನೀರು ಒಳಗೆ ಇಳಿಯುತ್ತದೆ, ಜಡೆ ಕೆದರುತ್ತದೆ.

ನಮ್ಮಲ್ಲಿ ತಲೆಗೆ ಮಾಡುವ ಉಪಚಾರವೆಲ್ಲ ನೆತ್ತಿಗೂ ಜಡೆಗೂ ಒಟ್ಟಿಗೇ ಸುರಿಯುವಂಥದ್ದು. ತೊಂದರೆ ಇರುವುದೇ ಅಲ್ಲಿ.

ನೀರು

ಹಾಸ್ಟೆಲಿನ ನೀರು ಬೋರ್‌ವೆಲ್ಲಿನದು. ನೀರು ಕಾಯಿಸುವ ಕಾಯಿಲ್ಲಿಗೆ ಬಿಳಿ ಗಾರೆ ಹಿಡಿಯುತ್ತದೆಯೇ ಎಂದು ಕೇಳಿದೆ. "ಕೆರೆದು ತೆಗೆಯಬೇಕು ಅತ್ತೆ, ಅಷ್ಟು" ಎಂದಳು. ಮುಂದಿನ ಸಲ ಬರುವಾಗ ಒಂದು ಬಾಟಲಿ ಆ ನೀರು ತರಲು ಹೇಳಿದೆ.

ಪರೀಕ್ಷೆ ಸುಲಭ. ಒಂದೇ ಅಳತೆಯ ಎರಡು ಗಾಜಿನ ಬಾಟಲಿ, ಒಂದರಲ್ಲಿ ಹಾಸ್ಟೆಲಿನ ನೀರು, ಇನ್ನೊಂದರಲ್ಲಿ ನಮ್ಮ ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು. ಎರಡಕ್ಕೂ ಮೈಸೋಪಿನ ಅಷ್ಟಷ್ಟೇ ಹೆರಕಲು ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಬೇಕು. ಬಟ್ಟೆ ಒಗೆಯುವ ಪುಡಿಯಿಂದ ಈ ಪರೀಕ್ಷೆ ನಡೆಯುವುದಿಲ್ಲ. ಪೊಟ್ಟಣದ ಮೇಲೆ ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ, ಶೇಕಡಾ ಲೆಕ್ಕದಲ್ಲಿ) ಎಂದು ಬರೆದಿರುವ ಅಸಲಿ ಸೋಪೇ ಬೇಕು. ಟಿಎಫ್‌ಎಂ 76ಕ್ಕೆ ಕಡಿಮೆಯಿಲ್ಲದಿದ್ದರೆ ಒಂದನೇ ದರ್ಜೆಯದು. ಅಬ್ಬಿ ನೀರಿನಲ್ಲಿ ಮುಚ್ಚಳದವರೆಗೆ ನೊರೆ ಎದ್ದು ಹಾಗೆಯೇ ನಿಂತಿತು, ಕೆಳಗಿನ ನೀರು ಹೆಚ್ಚು ಕಡಿಮೆ ತಿಳಿಯಾಗಿತ್ತು. ಹಾಸ್ಟೆಲಿನ ನೀರಿನಲ್ಲಿ ತೆಳುವಾದ ನೊರೆ ಒಂದು ಗಳಿಗೆ ಇದ್ದು ಕುಸಿಯಿತು; ನೀರೆಲ್ಲ ಬೆಳ್ಳಗೆ ಕಲಕಿ, ಮೇಲೆ ಬೂದು ಬಣ್ಣದ ಕೆನೆ ತೇಲಿ, ಗಾಜಿನ ಒಳಮೈಗೆ ಅಂಟಿಕೊಂಡಿತು. ಬೆರಳು ಹಾಕಿದರೆ ಅಂಟು, ಜಾರುವುದಿಲ್ಲ, ತೊಳೆದರೂ ಬಿಡುವುದಿಲ್ಲ.

"ಇದು ನಿನ್ನ ಕೂದಲ ಮೇಲಿದೆ" ಎಂದು ತೋರಿಸಿದೆ. ಬೆಳಗಿನ ಆತುರದಲ್ಲಿ ಶಾಂಪೂ ಬಿಟ್ಟು ಮೈಸೋಪನ್ನೇ ತಲೆಗೆ ಉಜ್ಜುವ ಅಭ್ಯಾಸ ಇದೆಯೆಂದು ಆಗ ಬಾಯಿಬಿಟ್ಟಳು. ಗಡಸುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿದಾಗ ಹುಟ್ಟುವ ಕೆನೆ ಅದು. ಹುಳಿ, ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ; ಸೋಪಿನದು ಒಂಬತ್ತು ಹತ್ತರ ಸುಮಾರು, ಚರ್ಮದ್ದು ಐದೂವರೆಯ ಆಸುಪಾಸು. ಅಂದರೆ ನೆತ್ತಿಗೆ ಒಣಗು, ಕೂದಲಿಗೆ ಮಡ್ಡಿ, ಎರಡೂ ಒಂದೇ ಕೈಯಿಂದ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಒಪ್ಪತಕ್ಕದ್ದು, ಬೇರೆ ನೀರು ಇಲ್ಲದಿದ್ದರೆ 600ರವರೆಗೂ ಕುಡಿಯಬಹುದು. ಕುಡಿಯಲು ಆಗುವ ನೀರು ತಲೆಗೂ ಆಗಬೇಕೆಂದೇನಿಲ್ಲ.

ತುಂಗೆಯ ದಡದ ಊರಿನಲ್ಲಿ ಹುಡುಗಿ ಬೋರಿನ ನೀರಿಗೆ ತಲೆಕೊಟ್ಟು ಕೂತಿದ್ದಾಳೆ ಎಂದು ಅಮ್ಮ ಗೊಣಗಿದಳು. ನೀರು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವುದು ಎರಡು: ಮೈಸೋಪು ತಲೆಗೆ ಇನ್ನು ಸೋಕಕೂಡದು; ಕೊನೆಯ ಒಂದು ಚೊಂಬು ಮಾತ್ರ ಶುದ್ಧ ಕುಡಿಯುವ ನೀರಿನ ಘಟಕದ ನೀರಾಗಿರಲಿ, ಅದಕ್ಕೆ ಒಂದು ಚಮಚ ವಿನೆಗರ್ ಬೆರೆಸಲಿ. ಮಡ್ಡಿಯನ್ನು ಹುಳಿ ಬಿಡಿಸುತ್ತದೆ. ನಿಂಬೆರಸ ಬೇಡವೆಂದೆ. ಕೆರೆದು ಗೀರಾದ ನೆತ್ತಿಗೆ ನಿಂಬೆ ಹಿಂಡಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಮನೆಯಲ್ಲೂ ಒಂದು ನೀರಿನ ತಕರಾರಿತ್ತು. ನಮ್ಮ ಬಚ್ಚಲ ಹಂಡೆ ಉರಿ ಹಿಡಿದರೆ ಕುದಿಯುವವರೆಗೆ ನಿಲ್ಲದು, ಅಮ್ಮನಿಗೆ ಹಬೆಯಾಡದ ನೀರು ನೀರೇ ಅಲ್ಲ. ಚಳಿಯಲ್ಲಿ ಸುಡುನೀರು ಹಿತ, ಆದರೆ ಚರ್ಮದಲ್ಲಿ ಇದ್ದಬದ್ದ ಸ್ವಂತ ಜಿಡ್ಡನ್ನೂ ಅದು ಹೊತ್ತುಕೊಂಡು ಹೋಗುತ್ತದೆ. ಮೊಣಕೈ ಅದ್ದಿದರೆ ಬೆಚ್ಚಗೆನ್ನಿಸಬೇಕು, ಚುರುಕ್ಕೆನ್ನಬಾರದು. ಮೈಗೆ ಎಷ್ಟು ಬಿಸಿ ಬೇಕಾದರೂ ಸುರಿದುಕೊಳ್ಳಲಿ, ತಲೆಗೆ ಬೇರೆ ಬಕೆಟ್ಟು.

ಮೊದಲು ಔಷಧ

ಇಲ್ಲಿ ನನ್ನ ಅಭಿಪ್ರಾಯ ಕಡ್ಡಿ ಮುರಿದಂತೆ ಹೇಳುತ್ತೇನೆ. ಜಿಡ್ಡಿನ ಹಳದಿ ಹೊಟ್ಟಿಗೆ ಅಡುಗೆಮನೆಯಲ್ಲಿ ಮದ್ದು ಹುಡುಕುತ್ತಾ ತಿಂಗಳು ಕಳೆಯುವುದು ವ್ಯರ್ಥ. ಹುಳಿಮೊಸರು, ಬೇವಿನ ರಸ, ಕರ್ಪೂರದ ಎಣ್ಣೆ ಎಲ್ಲ ಬದಿಗಿರಲಿ. ಶಿವಮೊಗ್ಗದಲ್ಲಿ ಚರ್ಮದ ವೈದ್ಯರೊಬ್ಬರಿಗೆ ತೋರಿಸಿಕೊಂಡು ಬಾ ಎಂದು ಫೋಟೊಗಳನ್ನೂ ಕೊಟ್ಟು ಕಳಿಸಿದೆ. ಅವರು ಬರೆದದ್ದು ಶಿಲೀಂಧ್ರನಾಶಕವಾದ ಕೀಟೋಕೊನಜೋಲ್ ಶೇ. 2ರಷ್ಟಿರುವ ಶಾಂಪೂ. ವಾರಕ್ಕೆ ಎರಡು ಸಲದಂತೆ ನಾಲ್ಕು ವಾರ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ.

ಹಚ್ಚುವ ಕ್ರಮವೇ ಮುಖ್ಯ. ಇದು ಕೂದಲಿನ ಶಾಂಪೂ ಅಲ್ಲ, ನೆತ್ತಿಯ ಔಷಧ. ಒದ್ದೆ ತಲೆಯಲ್ಲಿ ಬೈತಲೆ ತೆಗೆದು ಬೆರಳ ತುದಿಯಿಂದ ಚರ್ಮಕ್ಕೆ ಮುಟ್ಟಿಸಿ, ನೊರೆಯನ್ನು ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ನೀರು ಹುಯ್ದುಕೊಂಡರೆ ಔಷಧ ಬಚ್ಚಲಗುಂಡಿಗೆ ಹೋಗುತ್ತದೆ, ನೆತ್ತಿಗಲ್ಲ. ಈ ಶಾಂಪೂ ಉದ್ದ ಕೂದಲನ್ನು ಇನ್ನಷ್ಟು ಒಣಗಿಸುತ್ತದೆ. ಅದಕ್ಕೇ ತೊಳೆಯುವ ಮೊದಲು ಕಿವಿಯಿಂದ ಕೆಳಗಿನ ಕೂದಲಿಗೆ ಕೊಬ್ಬರಿ ಎಣ್ಣೆ ಸವರಿ, ಸಡಿಲವಾಗಿ ಹೆಣೆದು, ಹೆಣೆದ ಜಡೆಯನ್ನು ಬೆನ್ನಿಗೆ ಬಿಟ್ಟುಕೊಂಡೇ ನೆತ್ತಿ ತೊಳೆಯುವ ಕ್ರಮ ಮಾಡಿದೆವು. ಉಗುರುಗಳನ್ನು ಬುಡದವರೆಗೆ ಕತ್ತರಿಸಿದ್ದು ಇದಕ್ಕೂ ಮೊದಲಿನ ಕೆಲಸ. ನಿದ್ದೆಯಲ್ಲಿ ಕೆರೆಯುವವರಿಗೆ ಬೇರೆ ದಾರಿಯಿಲ್ಲ.

ದಪ್ಪನೆಯ ಬೆಳ್ಳಿಬಣ್ಣದ ಚಕ್ಕೆ ಕೂದಲಂಚು ದಾಟಿ ಹಣೆಗೆ ಬಂದರೆ, ಕೀವು ಕಂಡರೆ, ದುಂಡಗೆ ಕೂದಲು ಉದುರಿ ಬೋಳಾದರೆ ಅದು ತಲೆಹೊಟ್ಟಲ್ಲ. ಅಲ್ಲಿ ಮನೆಯ ಪ್ರಯೋಗವೇ ಬೇಡ.

ಶಿವರಾತ್ರಿಗೆ ಚಳಿ ಬಿಡುವಷ್ಟರಲ್ಲಿ ಹಳದಿ ಚಕ್ಕೆ ಮಾಯವಾಗಿತ್ತು. ತುರಿಕೆ ಅದಕ್ಕೂ ಮೊದಲೇ ನಿಂತಿತ್ತು. ನಡುನೆತ್ತಿಯ ಬಿಳಿ ಪುಡಿ ಮಾತ್ರ ಉಳಿಯಿತು. ಸೀಗೆಯ ಸರದಿ ಬಂದದ್ದು ಆಗ.

ಸೀಗೆ, ಅಂಟುವಾಳ

ಪೊಟ್ಟಣದ ಸೀಗೆಪುಡಿಯನ್ನು ನಾನು ಮುಟ್ಟುವುದಿಲ್ಲ. ಪುಡಿ ಎಷ್ಟೇ ನುಣ್ಣಗಿದ್ದರೂ ಅದರ ನಾರು ಕೂದಲ ಬುಡದಲ್ಲಿ ಕೂರುತ್ತದೆ, ಒಣಗಿದ ಮೇಲೆ ಉದುರುತ್ತದೆ. ಹೊಟ್ಟೋ ಸೀಗೆಯೋ ತಿಳಿಯದೆ ಹುಡುಗಿ ಮತ್ತೆ ಕೆರೆದುಕೊಳ್ಳುತ್ತಾಳೆ. ಇಡೀ ಕಾಯಿ ತಂದು ಕಷಾಯ ಮಾಡುವುದೇ ಸರಿ. ನಮ್ಮ ಕಾಡಿನಂಚಿನಲ್ಲೇ ಸೀಗೆ ಬಳ್ಳಿ ಇದೆ, ಬೇಸಿಗೆಗೆ ಕಾಯಿ ಒಣಗುತ್ತದೆ. ಆದರೆ ಆ ಮುಳ್ಳಿನ ಮೆಳೆಗೆ ಕೈಹಾಕಿ ಸೀರೆ ಹರಿದುಕೊಳ್ಳುವುದಕ್ಕಿಂತ ಗ್ರಂಧಿಗೆ ಅಂಗಡಿಯೇ ವಾಸಿ. ಶಿವಮೊಗ್ಗದವರಾದರೆ ಗಾಂಧಿ ಬಜಾರಿನಲ್ಲಿ ವಿಚಾರಿಸಬಹುದು. ಕೊಳ್ಳುವಾಗ ಕಾಯಿ ಮುರಿದು ನೋಡಿ: ಟಕ್ಕೆಂದು ಮುರಿಯಬೇಕು, ಒಳಗೆ ಹುಳು ತೂತು ಇರಬಾರದು, ಮುಗ್ಗು ವಾಸನೆ ಬರಬಾರದು.

ಅಳತೆ: ಒಂದು ಹಿಡಿ ಸೀಗೆಕಾಯಿ, ಬೀಜ ತೆಗೆದ ಐದಾರು ಅಂಟುವಾಳದ ಸಿಪ್ಪೆ, ಒಂದು ಚಮಚ ಮೆಂತ್ಯ, ಒಂದು ಲೀಟರ್ ನೀರು. ಸೀಗೆಯ ಬೀಜವನ್ನೂ ತೆಗೆದರೆ ಒಳ್ಳೆಯದು. ರಾತ್ರಿ ನೆನೆಹಾಕಿ, ಬೆಳಗ್ಗೆ ಸಣ್ಣ ಉರಿಯಲ್ಲಿ ಮುಕ್ಕಾಲು ಭಾಗಕ್ಕೆ ಇಳಿಸಿ, ಆರಿದ ಮೇಲೆ ಕೈಯಿಂದ ಕಿವುಚಿ, ತೆಳು ಪಂಚೆಯಲ್ಲಿ ಎರಡು ಸಲ ಸೋಸಬೇಕು. ಉಕ್ಕುವ ಗುಣ ಇದಕ್ಕೆ ಹಾಲಿಗಿಂತ ಹೆಚ್ಚು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಕಂದುಬಣ್ಣದ, ಹುಳಿ-ಒಗರು ವಾಸನೆಯ ನೀರು ಸಿಗುತ್ತದೆ. ಪಿಎಚ್ ಕಾಗದ ಅದ್ದಿದರೆ ಐದರ ಹತ್ತಿರದ ಬಣ್ಣ ತೋರಿಸಿತು, ನೆತ್ತಿಗೆ ಹೊಂದುವಂಥದ್ದು. ಅಂಟುವಾಳ ಹೆಚ್ಚಿದರೆ ನೊರೆ ಹೆಚ್ಚು, ಒಣಗೂ ಹೆಚ್ಚು. ಒಣ ನೆತ್ತಿಗೆ ಸೀಗೆಯ ಪಾಲು ಮುಂದಿರಲಿ.

ಎರಡರಲ್ಲೂ ಇರುವ ಸಪೋನಿನ್ ಕೊಳೆ ಬಿಡಿಸುತ್ತದೆ, ಕಣ್ಣಿಗೆ ಬಿದ್ದರೆ ಉರಿಯುವುದೂ ಅದೇ. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಬಾಗಿಸಿ ಹುಯ್ದುಕೊಳ್ಳಬೇಕು. ಹೊಸದಾಗಿ ಬಳಸುವವರು ಮೊದಲು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದೆರಡು ದಿನ ನೋಡುವುದು ಒಳಿತು. ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಎಲ್ಲ ಚರ್ಮಕ್ಕೂ ಒಗ್ಗಬೇಕೆಂಬ ನಿಯಮವಿಲ್ಲ. ಕಷಾಯ ಹೊರಗಿಟ್ಟರೆ ಮರುದಿನಕ್ಕೇ ಹುಳಿಯುತ್ತದೆ, ಫ್ರಿಜ್ಜಿನಲ್ಲಿ ಎರಡು ಮೂರು ದಿನ.

ಗಂಪು

ಕೂದಲಿನ ಪುಟಕ್ಕೆ ಬಂದರೆ, ಮಲೆನಾಡಿನವರ ಹಿತ್ತಿಲಲ್ಲೇ ಅದರ ಸಾಮಾನು ಬೆಳೆದಿದೆ. ದಾಸವಾಳದ ಸೊಪ್ಪಿನ ಗಂಪು. ಒಂಟಿ ಎಸಳಿನ ಕೆಂಪು ದಾಸವಾಳದ ಎಲೆ ಎರಡು ಬೊಗಸೆ, ತೀರ ಎಳೆಯದೂ ಅಲ್ಲದ ಬಲಿತು ಹಳದಿಯಾದದ್ದೂ ಅಲ್ಲದ ಎಲೆ. ಧೂಳು, ಜೇಡರಬಲೆ ಹೋಗುವಂತೆ ತೊಳೆದು, ಅಗಲ ಪಾತ್ರೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ಬಿಟ್ಟು, ಕೈಯಿಂದ ಕಿವುಚಬೇಕು. ಮೊದಲ ಎರಡು ನಿಮಿಷ ಏನೂ ಆಗದು, ಬರೀ ಹಸಿರು ನೀರು. ಆಮೇಲೆ ಒಮ್ಮೆಲೇ ಕೈಗೆ ಭಾರ ತಿಳಿಯುತ್ತದೆ. ನೀರು ದಪ್ಪಗಾಗಿ ಬೆರಳ ಸಂದಿಯಿಂದ ಎಳೆ ಎಳೆಯಾಗಿ ಇಳಿಯುತ್ತದೆ, ಮುಷ್ಟಿ ಬಿಗಿದರೆ ಎಲೆ ಜಾರಿ ಹೊರಬೀಳುತ್ತದೆ. ಅಲ್ಲಿಗೆ ಸಾಕು, ಸೋಸಿ ಇಡಿ.

ಮಿಕ್ಸಿಗೆ ಹಾಕುವವರಿದ್ದಾರೆ. ಸಮಯ ಉಳಿಯುತ್ತದೆ ನಿಜ, ಆದರೆ ಎಲೆ ನುಚ್ಚಾಗಿ ಸೋಸುಬಟ್ಟೆಯಲ್ಲೂ ನಿಲ್ಲದೆ ಕೂದಲಿಗೆ ಹೋಗುತ್ತದೆ. ಸಂಜೆಯವರೆಗೆ ಜಡೆಯಿಂದ ಸೊಪ್ಪು ಆಯುತ್ತಾ ಕೂರಬೇಕು. ಕೈಯಿಂದ ಕಿವುಚಿದರೆ ನಾರು ಪಾತ್ರೆಯಲ್ಲೇ ಉಳಿಯುತ್ತದೆ.

ಸೀಗೆಯಲ್ಲಿ ನೆತ್ತಿ ತೊಳೆದಾದ ಮೇಲೆ, ಒದ್ದೆ ಕೂದಲನ್ನು ನಾಲ್ಕು ಪಾಲು ಮಾಡಿ, ಗಂಪನ್ನು ಕಿವಿಯ ಮಟ್ಟದಿಂದ ತುದಿಯವರೆಗೆ ಅಂಗೈಗಳ ನಡುವೆ ಎಳೆಯುತ್ತಾ ಸವರಬೇಕು. ಈ ಲೋಳೆ ಕೂದಲ ಬಿಲ್ಲೆಗಳ ಮೇಲೆ ತೆಳು ಪದರವಾಗಿ ಕೂತು ಉಜ್ಜಾಟ ತಗ್ಗಿಸುತ್ತದೆ. ಅಂಗಡಿಯ ಕಂಡಿಷನರ್ ಕೂಡ ಬೇರೆ ಸಾಮಗ್ರಿಯಿಂದ ಮಾಡುವುದು ಇದೇ ಕೆಲಸವನ್ನು. ಸಿಕ್ಕು ಬಿಡಿಸಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಲೋಳೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಶುರುಮಾಡಿ, ಗೇಣು ಗೇಣು ಮೇಲೇರುತ್ತಾ ಬಿಡಿಸಿದೆ. ನೆತ್ತಿಯಿಂದ ಕೆಳಕ್ಕೆ ಎಳೆದರೆ ದಾರಿಯ ಗಂಟೆಲ್ಲ ಒಂದೆಡೆ ಸೇರಿ ಕಿತ್ತೇ ಬರಬೇಕು. ಆಮೇಲೆ ಬರೀ ನೀರು.

ಬಚ್ಚಲ ಕಲ್ಲು ಗಂಪಿಗೆ ಭಯಂಕರ ಜಾರುತ್ತದೆ. ತಲೆ ತೊಳೆದ ಕೂಡಲೇ ನೆಲಕ್ಕೆ ಬಿಸಿನೀರು ಹುಯ್ದು ಗುಡಿಸುವುದು ಈ ವಿಧಾನದ ಭಾಗ ಎಂದೇ ತಿಳಿಯಿರಿ, ಮನೆಯಲ್ಲಿ ಹಿರಿಯರಿದ್ದರೆ ಇನ್ನೂ ಮುಖ್ಯ.

ಎಣ್ಣೆಯ ರಾಜಿ

ಯುಗಾದಿ ಬಂತು. ಯುಗಾದಿಯ ಅಭ್ಯಂಜನಕ್ಕೆ ಮೊಮ್ಮಗಳ ನೆತ್ತಿಗೆ ಎಣ್ಣೆ ಇಡಬಾರದೆಂದರೆ ಅಮ್ಮ ಕೇಳುತ್ತಾಳೆಯೇ? "ಶಾಸ್ತ್ರಕ್ಕಾದರೂ ಮೂರು ಬೊಟ್ಟು ಇಡದಿದ್ದರೆ ಹಬ್ಬ ಹೇಗಾಗುತ್ತದೆ?" ಒಪ್ಪಂದ ಹೀಗಾಯಿತು: ನೆತ್ತಿಗೆ ಎಣ್ಣೆ ಇಡಬಹುದು, ಅರ್ಧ ಗಂಟೆಯೊಳಗೆ ತೊಳೆಯಬೇಕು, ಜಡೆಗೆ ಎಷ್ಟು ಬೇಕಾದರೂ, ಎಷ್ಟು ಹೊತ್ತಾದರೂ. ಸ್ವಲ್ಪ ಹೊತ್ತಿನ ಎಣ್ಣೆ ಒಣ ಸಿಪ್ಪೆಯನ್ನು ಮೆದುಗೊಳಿಸಿ ತೊಳೆಯುವಾಗ ಬಿಡಿಸುತ್ತದೆ, ರಾತ್ರಿಯಿಡೀ ನಿಂತರೆ ತೊಂದರೆ. ಅಮ್ಮನಿಗೆ ಹಬ್ಬ ಉಳಿಯಿತು, ನನಗೆ ನೆತ್ತಿ ಉಳಿಯಿತು.

ಎಣ್ಣೆ ಅವಳೇ ಕಾಯಿಸಿದ್ದು. ಕೊಬ್ಬರಿ ಎಣ್ಣೆಗೆ ಗರುಗದ ಸೊಪ್ಪಿನ ರಸ, ಒಂದೆಲಗ, ಕರಿಬೇವು. ಕಬ್ಬಿಣದ ಬಾಣಲೆ, ಸಣ್ಣ ಉರಿ. ಇದರ ಗುಟ್ಟು ನೀರಿನಂಶ ಪೂರ್ತಿ ಹೋಗುವುದರಲ್ಲಿದೆ. ಗುಳ್ಳೆಗಳು ನಿಂತ ಮೇಲೆ ತಳದ ಕಲ್ಕವನ್ನು ಚೂರು ತೆಗೆದು ಬತ್ತಿಯ ಹಾಗೆ ಹೊಸೆದು ದೀಪಕ್ಕೆ ಹಿಡಿಯುತ್ತಾಳೆ. ಚಟಪಟ ಎಂದರೆ ಇನ್ನೂ ನೀರಿದೆ, ಸದ್ದಿಲ್ಲದೆ ಉರಿದರೆ ಇಳಿಸಬಹುದು. ನೀರುಳಿದ ಎಣ್ಣೆ ತಿಂಗಳೊಳಗೆ ಕಮಟುತ್ತದೆ. ಅಮ್ಮನೆದುರು ಹೇಳುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಕೆಲಸ ಮಾಡುವುದು ಸೊಪ್ಪಿಗಿಂತ ಹೆಚ್ಚಾಗಿ ಕೊಬ್ಬರಿಯೇ. ಅದರ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು, ಕೂದಲಿನ ಒಳಕ್ಕೆ ಇಳಿಯಬಲ್ಲದು. ಕೊಬ್ಬರಿ, ಸೂರ್ಯಕಾಂತಿ, ಖನಿಜ ತೈಲ ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದನ್ನೂ ಇಲ್ಲಿ ಬರೆದಿಡುವುದು ನ್ಯಾಯ. ತೊಳೆಯುವುದಕ್ಕೆ ಮೊದಲು ಹಚ್ಚಿದ ಎಣ್ಣೆ ಕೂದಲು ನೀರು ಕುಡಿದು ಉಬ್ಬುವುದನ್ನು ತಡೆಯುತ್ತದೆ. ತೊಳೆದ ಮೇಲೆ ಹಚ್ಚಿದ್ದು ಹೆಚ್ಚಾಗಿ ಹೊಳಪಿಗೆ.

ಬಾಚಣಿಗೆ, ಕತ್ತರಿ

ಕೂದಲು ಕೆದರಲು ಬಾಚಣಿಗೆಯೂ ಕಾರಣವೆಂದು ಯಾರೂ ನೋಡುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಯ ಪ್ರತಿ ಹಲ್ಲಿನ ಬದಿಯಲ್ಲೂ ಅಚ್ಚಿನ ಎರಡು ಹೋಳು ಕೂಡಿದ ಕಡೆ ಒಂದು ಏಣು ಇರುತ್ತದೆ. ಉಗುರಿನಿಂದ ಸವರಿದರೆ ತಿಳಿಯುತ್ತದೆ. ಹಳೆಯ ನೈಲಾನ್ ದುಪಟ್ಟಾದ ಮೇಲೆ ಎಳೆದು ನೋಡಿ, ಎಳೆ ಕಿತ್ತುಕೊಂಡು ಬಂದರೆ ಕೂದಲಿಗೂ ಅದೇ ಗತಿ. 400 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಸಣ್ಣ ಪಟ್ಟಿ ಮಾಡಿ, ಒದ್ದೆ ಮಾಡಿಕೊಂಡು ಪ್ರತಿ ಹಲ್ಲಿನ ಸಂದಿಯಲ್ಲೂ ಹಿಂದೆ ಮುಂದೆ ಎಳೆದೆ, ಆಮೇಲೆ 1000 ನಂಬರಿನದು. ದುಪಟ್ಟಾ ಹಿಡಿಯದೆ ಜಾರುವವರೆಗೆ. ಬೇಸರದ ಕೆಲಸ, ಆದರೆ ರೇಡಿಯೊ ಕೇಳುತ್ತಾ ಮಾಡಿದರೆ ಮುಗಿಯುತ್ತದೆ. ಹೊಸ ಮರದ ಬಾಚಣಿಗೆ ಕೊಂಡರೂ ಈ ಪರೀಕ್ಷೆ ಬಿಡಬೇಡಿ.

ತುದಿ ಕವಲೊಡೆದ ಕೂದಲಿಗೆ ಕತ್ತರಿಯೊಂದೇ ಮದ್ದು. ಸೀಳನ್ನು ಕೂಡಿಸುತ್ತೇವೆನ್ನುವ ಸೀರಮ್ ಅಂಟಿಸುವುದು ಮುಂದಿನ ಸ್ನಾನದವರೆಗೆ. ಮಂಗಳವಾರ, ಶುಕ್ರವಾರ ಬಿಟ್ಟು, ಒಣ ಕೂದಲನ್ನೇ, ಬಟ್ಟೆ ಕಾಗದ ಮುಟ್ಟದ ಹರಿತವಾದ ಕತ್ತರಿಯಿಂದ ಮೂರು ಬೆರಳಗಲ ಕತ್ತರಿಸಿದೆ. ಕೂಸಿನ ಮುಖ ಸಣ್ಣಗಾಯಿತು. ಕತ್ತರಿಸಿದ್ದನ್ನು ಬಿಳಿ ಕಾಗದದ ಮೇಲೆ ಹರಡಿ ತೋರಿಸಿದಾಗ, ಒಂದೊಂದು ಕೂದಲೂ ಎರಡಾಗಿ, ಕೆಲವು ಮೂರಾಗಿ ಸೀಳಿದ್ದನ್ನು ನೋಡಿ ಸುಮ್ಮನಾದಳು.

ಟವೆಲ್ಲಿನಿಂದ ಜಡೆಯನ್ನು ಚಟಾರೆಂದು ಜಾಡಿಸುವುದನ್ನೂ ನಿಲ್ಲಿಸಿದೆವು. ಹಳೆಯ ಪಾಣಿಪಂಚೆಯಲ್ಲಿ ಒತ್ತಿ ನೀರು ತೆಗೆದರೆ ಸಾಕು.

ಮಳೆ ಹಿಡಿದ ಮೇಲೆ

ಚಳಿಯಲ್ಲಿ ಸರಿಯಾದ ಕೂದಲು ಮೃಗಶಿರ ಮಳೆಗೆ ಮತ್ತೆ ಎದ್ದು ನಿಂತಿತು. ನಿರೀಕ್ಷಿಸಿದ್ದೇ. ಗಾಳಿಯಲ್ಲಿ ತೇವ ಹೆಚ್ಚಿದಂತೆ ಕೂದಲು ಅದನ್ನು ಹೀರಿ ಉಬ್ಬುತ್ತದೆ. ಪೂರ್ತಿ ಒದ್ದೆಯಾದರೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರು ಹಿಡಿದುಕೊಳ್ಳುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ತೇವದಿಂದ ಓಡಿಹೋಗಲು ಜಾಗವೆಲ್ಲಿ? ಅವಳು ಚಳಿಗಾಲದಲ್ಲಿ ಹಚ್ಚುತ್ತಿದ್ದ ಗ್ಲಿಸರಿನ್ ಇರುವ ಕ್ರೀಮನ್ನು ಮೊದಲು ನಿಲ್ಲಿಸಿದೆ. ಗ್ಲಿಸರಿನ್ ತೇವ ಎಳೆಯುವ ವಸ್ತು, ಮಳೆಗಾಲದಲ್ಲಿ ಹೊರಗಿನದನ್ನೆಲ್ಲ ಕೂದಲಿಗೆ ಕರೆದುತರುತ್ತದೆ.

ಬದಲಿಗೆ ಅಗಸೆ ಬೀಜದ ಲೋಳೆ. ಕಾಲು ಲೋಟ ಬೀಜಕ್ಕೆ ಎರಡು ಲೋಟ ನೀರು, ಕೈಬಿಡದೆ ತಿರುವುತ್ತಾ ಏಳೆಂಟು ನಿಮಿಷ ಕುದಿಸಬೇಕು. ಸೌಟು ಎತ್ತಿದಾಗ ಎಳೆ ಕಡಿಯದೆ ಇಳಿದರೆ ಆಯಿತು. ಬಿಸಿ ಇರುವಾಗಲೇ ಸೋಸಬೇಕು. ಆರಿದ ಮೇಲೆ ಬೀಜವೂ ಲೋಳೆಯೂ ಒಂದಾಗಿ ಯಾವ ಬಟ್ಟೆಯಲ್ಲೂ ಇಳಿಯುವುದಿಲ್ಲ. ಫ್ರಿಜ್ಜಿನಲ್ಲಿ ವಾರದವರೆಗೆ ಇರುತ್ತದೆ, ವಾಸನೆ ತಿರುಗಿದರೆ ಚೆಲ್ಲುವುದು. ಒದ್ದೆ ಕೂದಲಿಗೆ ಅಡಕೆಯಷ್ಟು ಗಾತ್ರ ತೆಗೆದುಕೊಂಡು ಸವರಿ, ಸಡಿಲವಾಗಿ ಹೆಣೆದು, ಒಣಗಿದ ಮೇಲೆ ಬೆರಳಿಂದ ಬಿಡಿಸಬೇಕು. ಹೆಚ್ಚಾದರೆ ಕೂದಲು ಬಿರುಸಾಗಿ, ಒಣಗಿದ ಲೋಳೆಯೇ ಪುಡಿಯಾಗಿ ಉದುರುತ್ತದೆ, ಮತ್ತೆ ಹೊಟ್ಟಿನ ಭ್ರಮೆ.

ಮಳೆಗಾಲದ ನಿಜವಾದ ಕಷ್ಟ ಒಣಗಿಸುವುದು. ಸಂಜೆ ತಲೆ ತೊಳೆದು, ಒದ್ದೆ ಜಡೆಯನ್ನು ತುರುಬು ಕಟ್ಟಿ ಮಲಗಿದರೆ ಬೆಳಗ್ಗೆ ಮುಗ್ಗಲು ವಾಸನೆ, ಮತ್ತೆ ನಾಲ್ಕು ದಿನಕ್ಕೆ ತುರಿಕೆ. ಈಗ ಮನೆಯ ನಿಯಮ: ತಲೆಸ್ನಾನ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ, ನೆತ್ತಿ ಒಣಗುವವರೆಗೆ ಫ್ಯಾನಿನಡಿ ಕೂದಲು ಬಿಚ್ಚಿ ಕೂರುವುದು, ಕರೆಂಟು ಇಲ್ಲದ ದಿನ ತಲೆಸ್ನಾನವೇ ಇಲ್ಲ. ಮಳೆಗಾಲದ ಕರೆಂಟು ಗೊತ್ತಲ್ಲ, ಕೆಲವೊಮ್ಮೆ ಇದರಿಂದ ತಲೆಸ್ನಾನ ಮುಂದಕ್ಕೆ ಹೋಗುತ್ತದೆ. ಬಚ್ಚಲೊಲೆಯ ಮುಂದೆ ಕೂತು ಒಣಗಿಸುವುದು ಅಮ್ಮನ ಕಾಲದ ಕ್ರಮ. ಕೂದಲಿಗೆ ಹೊಗೆಯ ವಾಸನೆ ಚೆನ್ನ, ನೆತ್ತಿಗೆ ಉರಿಯ ಕಾವು ಚೆನ್ನಲ್ಲ. ಒಲೆಗೆ ಬೆನ್ನು ಕೊಟ್ಟು ಮಾರು ದೂರ ಕೂತರೆ ನನ್ನ ಆಕ್ಷೇಪಣೆಯಿಲ್ಲ.

ಉಳಿದ ಕೆಲಸ

ಆರಿದ್ರಾ ಮಳೆಯ ಹೊತ್ತಿಗೆ ತೆಗೆದ ಫೋಟೊಗಳನ್ನು ಮೊದಲಿನವುಗಳ ಪಕ್ಕ ಇಟ್ಟು ನೋಡಿದೆವು. ಕಿವಿಯ ಹಿಂದಿನ ಕೆಂಪು ಇಲ್ಲ. ನಡುನೆತ್ತಿಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಸಿಪ್ಪೆ ಇದೆ, ಕಪ್ಪು ಬಟ್ಟೆಗೆ ಉದುರುವಷ್ಟಿಲ್ಲ. ಪರೀಕ್ಷೆಯ ವಾರಗಳಲ್ಲಿ, ನಿದ್ದೆಗೆಟ್ಟಾಗ, ತುಸು ಹೆಚ್ಚುತ್ತದಂತೆ. ಆಗ ಔಷಧದ ಶಾಂಪೂ ಒಂದು ಸಲ. ಕೂದಲಿನಲ್ಲಿ ಹೆಗಲಿನಿಂದ ಮೇಲಿನ ಭಾಗ ನುಣುಪಾಗಿದೆ. ಹೆಗಲಿಂದ ಕೆಳಗೆ ಹಳೆಯ ಬಿರುಸು ಹಾಗೇ ಉಳಿದಿದೆ, ಎಣ್ಣೆ ಗಂಪಿನಿಂದ ಮಟ್ಟಸವಾಗಿ ಕೂರುತ್ತದೆ ಅಷ್ಟೆ. ಅದರಲ್ಲಿ ತುದಿಯ ಗೇಣುದ್ದ ಹೋಗಬೇಕಾದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಎರಡು ಬೆರಳು ಕತ್ತರಿಸುತ್ತಾ ಬರಬೇಕು, ಒಂದೂವರೆ ಎರಡು ವರ್ಷದ ಕೆಲಸ. ಅವಳು ಒಪ್ಪಿದ್ದಾಳೆ, ಉದ್ದ ಸೊಂಟಕ್ಕಿಂತ ಮೇಲೇರಬಾರದೆಂಬ ಷರತ್ತಿನ ಮೇಲೆ.

ಹಾಸ್ಟೆಲಿಗೆ ಗಂಪು ಬಾಟಲಿಯಲ್ಲಿ ಕೊಡಿ ಎಂದಳು. ಒಂದೇ ದಿನಕ್ಕೆ ಹಳಸುವ ಪದಾರ್ಥವದು, ಕೊಡಲಿಲ್ಲ. ಒಣಗಿದ ಅಗಸೆ ಬೀಜ, ಸೀಗೆ, ಅಂಟುವಾಳದ ಸಿಪ್ಪೆಯನ್ನು ಒಂದೊಂದು ಸಲಕ್ಕೆ ಆಗುವಷ್ಟು ಪೊಟ್ಟಣ ಕಟ್ಟಿ, ಪ್ರತಿ ಪೊಟ್ಟಣದ ಮೇಲೂ ನೀರಿನ ಅಳತೆ ಬರೆದು ಕಳಿಸಿದ್ದೇನೆ. ಉಜ್ಜಿದ ಬಾಚಣಿಗೆಯನ್ನು ಯಾರಿಗೂ ಕೊಡಬೇಡ ಎಂದೂ.